ಸರಾಸರಿಯಲ್ಲಿ ಕಾಣದ ರೋಗ: ಜರವಾ ಕಾಡಿನಿಂದ ಐಹೊಳೆ ಕಡೆಯ ಒಂದು ಮನೆವರೆಗೆ

ನನ್ನ ಇಂಜಿನಿಯರಿಂಗ್ ಹಾಸ್ಟೆಲ್ ಗೆಳೆಯನೊಬ್ಬನ ಊರು ಐಹೊಳೆಯಿಂದ ಬಹಳ ದೂರ ಇಲ್ಲ. ಮಲಪ್ರಭಾ ದಂಡೆಯ ಸಣ್ಣ ಹಳ್ಳಿ. ಮೂರನೇ ವರ್ಷದಲ್ಲಿದ್ದಾಗ ಎನ್ನೆಸ್ಸೆಸ್ ಕ್ಯಾಂಪಿನಲ್ಲಿ ನಾವಿಬ್ಬರೂ ರಕ್ತ ಕೊಟ್ಟೆವು. ಒಂದು ಫ್ರೂಟಿ, ಎರಡು ಬಿಸ್ಕತ್ತು, ಒಂದು ಸರ್ಟಿಫಿಕೇಟು. ಹದಿನೈದು ದಿನ ಬಿಟ್ಟು ಅವನಿಗೆ ಮಾತ್ರ ಫೋನ್ ಬಂತು: ಬಂದು ಭೇಟಿಯಾಗಿ ಅಂತ. ಹೋಗಿ ಬಂದವನು ಕಾಟಿನ ಮೇಲೆ ಕೂತು ಹೇಳಿದ್ದು ಇಷ್ಟೇ: "ಹೆಪಟೈಟಿಸ್ ಬಿ ಪಾಸಿಟಿವ್ ಅಂತ. ಯಾರಿಗೂ ಹೇಳಬ್ಯಾಡಲೇ."

ನಾನು ಹೇಳಲಿಲ್ಲ. ಅವನೂ ಮನೆಯಲ್ಲಿ ಹೇಳಲಿಲ್ಲ. ಮೈಯಲ್ಲಿ ಏನೂ ತೊಂದರೆ ಇರಲಿಲ್ಲ, ಕ್ರಿಕೆಟ್ ಆಡುತ್ತಿದ್ದ, ಊಟ ನಮ್ಮೆಲ್ಲರಿಗಿಂತ ಜಾಸ್ತಿ ಮಾಡುತ್ತಿದ್ದ. ಓದು ಮುಗಿದ ಮೇಲೆ ಗಲ್ಫ್‌ಗೆ ಹೋಗುವ ಅವಕಾಶ ಬಂತು, ಮೆಡಿಕಲ್‌ನಲ್ಲಿ "ಅನ್‌ಫಿಟ್" ಅಂತ ಬಂದು ಅದೂ ಹೋಯಿತು. ಆಗಲೂ ಮನೆಯಲ್ಲಿ ಹೇಳಿದ್ದು "ವೀಸಾ ಆಗಲಿಲ್ಲ" ಅಂತ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಐಹೊಳೆ, ಪಟ್ಟದಕಲ್ಲು ಸುತ್ತಲಿನ ಎಷ್ಟೋ ಹಳ್ಳಿಗಳ ಹಾಗೆ ಅವನ ಮನೆಯವರೂ ಪರಿಹಾರ ಕೇಂದ್ರ ಸೇರಿದರು. ಅಲ್ಲಿಗೆ ಬಂದ ವೈದ್ಯರೊಬ್ಬರು ಅವನ ಅಣ್ಣನ ಕಣ್ಣು ನೋಡಿದರು, ಉಬ್ಬಿದ ಹೊಟ್ಟೆ ನೋಡಿದರು. ಹೊಳಿ ನೀರು ಕುಡಿದು ಕಾಮಣಿ ಆಗಿದೆ ಅಂತ ಊರವರು ತೀರ್ಮಾನ ಮಾಡಿಯಾಗಿತ್ತು. ಅದು ಕಾಮಣಿ ಆಗಿರಲಿಲ್ಲ. ಲಿವರ್ ಗಟ್ಟಿಯಾಗಿ, ಕುಗ್ಗಿ, ಕೆಲಸ ನಿಲ್ಲಿಸುವ ಹಂತಕ್ಕೆ ಬಂದಿತ್ತು. ಆಗ ಮನೆಮಂದಿಯ ರಕ್ತವೆಲ್ಲ ಪರೀಕ್ಷೆ ಆಯಿತು. ತಾಯಿ ಪಾಸಿಟಿವ್, ಅಣ್ಣ ಪಾಸಿಟಿವ್, ನನ್ನ ಗೆಳೆಯ ಪಾಸಿಟಿವ್. ತಂದೆ ಮತ್ತು ತಂಗಿ ನೆಗೆಟಿವ್. ಅಣ್ಣ ಮುಂದಿನ ವರ್ಷ ತೀರಿಕೊಂಡ. ನಲವತ್ತೂ ಆಗಿರಲಿಲ್ಲ. ಹನಿ ಸೆರೆ ಮುಟ್ಟದ ಮನುಷ್ಯನ ಬಗ್ಗೆ ಊರು ಹೇಳಿದ್ದು: ಕುಡದು ಸತ್ತ.

ಐವರಲ್ಲಿ ಮೂವರು. ಅಂದರೆ 60%. ಐದು ಜನರ ಸ್ಯಾಂಪಲ್ ಇಟ್ಟುಕೊಂಡು ಪರ್ಸೆಂಟೇಜ್ ತೆಗೆದರೆ ಯಾವ ಸ್ಟಾಟಿಸ್ಟಿಕ್ಸ್ ಮೇಷ್ಟ್ರೂ ಒಪ್ಪಲ್ಲ, ಗೊತ್ತು. ಆದರೂ ಈ ಸಂಖ್ಯೆಯನ್ನು ತಲೆಯಲ್ಲಿ ಇಟ್ಟುಕೊಂಡಿರಿ. ಇಲ್ಲಿಂದ ಸಾವಿರಾರು ಮೈಲಿ ದೂರದ ಒಂದು ಮಳೆಕಾಡಿನಲ್ಲಿ ಇದಕ್ಕೆ ಹತ್ತಿರದ ಸಂಖ್ಯೆಯೊಂದು ಸಿಗುತ್ತೆ.

ಅದಕ್ಕೂ ಮೊದಲು ದೇಶದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನರಿಗೆ ದೀರ್ಘಕಾಲದ ಹೆಪಟೈಟಿಸ್ ಬಿ ಸೋಂಕು ಇತ್ತು. ಅಂದರೆ ಹತ್ತಿರ ಹತ್ತಿರ 2%. ಇನ್ನೊಂದು ಕಡೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಸಂಗ್ರಹವಾಗಿದ್ದ ರಕ್ತದ ಮಾದರಿಗಳನ್ನೇ ಪರೀಕ್ಷಿಸಿ ಸರ್ಕಾರ ಕೊಟ್ಟ ಅಂಕಿ 0.95%. ಒಂದು ಮಾಡೆಲ್ ಹಾಕಿ ತೆಗೆದ ಅಂದಾಜು, ಇನ್ನೊಂದು ವಯಸ್ಕರ ರಕ್ತ ನೋಡಿ ತೆಗೆದ ಅಂಕಿ. ವಿಧಾನ ಬೇರೆ, ಸರಿ. ಆದರೆ ಇವೆರಡರ ನಡುವಿನ ಅಂತರ ಒಂದೂವರೆ ಕೋಟಿ ಜನ. ಇಡೀ ಬೆಂಗಳೂರು ಆ ಅಂತರದಲ್ಲಿ ಮುಳುಗಿಹೋಗುತ್ತೆ. ಅದೇ ವಿಶ್ವ ಆರೋಗ್ಯ ಸಂಸ್ಥೆಯ ವರದಿಯಲ್ಲಿ ಇನ್ನೂ ಗಾಬರಿ ಹುಟ್ಟಿಸುವ ಸಾಲಿದೆ: ಸೋಂಕಿರುವ ಭಾರತೀಯರಲ್ಲಿ ಪರೀಕ್ಷೆಯಾಗಿ ಅದು ಗೊತ್ತಾಗಿರುವುದು 2.4% ಮಂದಿಗೆ ಮಾತ್ರ. ನೂರಕ್ಕೆ ತೊಂಬತ್ತೇಳು ಜನ ನನ್ನ ಗೆಳೆಯನ ಅಣ್ಣನ ಹಾಗೆ, ಗೊತ್ತಿಲ್ಲದೇ ಓಡಾಡಿಕೊಂಡಿದ್ದಾರೆ.

ಈಗ ಕಾಡಿಗೆ ಹೋಗೋಣ.

ಅಂಡಮಾನಿನ ಜರವಾ ಜನ ತೀರಾ ಇತ್ತೀಚಿನವರೆಗೆ ಹೊರಗಿನವರ ಸಂಪರ್ಕಕ್ಕೆ ಬಾಣದಿಂದಲೇ ಉತ್ತರ ಕೊಡುತ್ತಿದ್ದವರು. 1996ರಲ್ಲಿ ಕಾಲು ಮುರಿದುಕೊಂಡ ಜರವಾ ಹುಡುಗನೊಬ್ಬನನ್ನು ಪೋರ್ಟ್ ಬ್ಲೇರ್ ಆಸ್ಪತ್ರೆಗೆ ತಂದು ತಿಂಗಳುಗಟ್ಟಲೆ ಆರೈಕೆ ಮಾಡಿ ಕಳಿಸಿದ ಮೇಲೆ, ಒಂದೆರಡು ವರ್ಷದಲ್ಲಿ ಅವರು ತಾವಾಗಿಯೇ ಕಾಡಿನಿಂದ ಹೊರಬರಲು ಶುರುಮಾಡಿದರು. 1999ರಲ್ಲಿ ದಡಾರ ಹರಡಿ ಆಸ್ಪತ್ರೆ ತುಂಬಿತು. ಆ ಹೊತ್ತಿನ ಆಸುಪಾಸಿನಲ್ಲೇ ಪೋರ್ಟ್ ಬ್ಲೇರ್‌ನ ಐಸಿಎಂಆರ್ ಪ್ರಾದೇಶಿಕ ಸಂಶೋಧನಾ ಕೇಂದ್ರದವರು ದ್ವೀಪಗಳ ಬುಡಕಟ್ಟುಗಳಲ್ಲಿ ಹೆಪಟೈಟಿಸ್ ಬಿ ಎಷ್ಟಿದೆ ಅಂತ ನೋಡಿದರು. ನಿಕೋಬಾರಿ ಜನರಲ್ಲಿ 23% ಆಸುಪಾಸು. ಗ್ರೇಟ್ ನಿಕೋಬಾರಿನ ಮಳೆಕಾಡಿನೊಳಗೆ ಬದುಕುವ ಶೋಂಪೆನ್ನರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಜರವಾರಲ್ಲಿ, ಪರೀಕ್ಷೆ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಾಸಿಟಿವ್. ಜಗತ್ತಿನಲ್ಲೇ ಅತಿ ಹೆಚ್ಚು ಅನ್ನಬಹುದಾದ ಪ್ರಮಾಣ ಇದು. 8% ದಾಟಿದರೇ "ಹೆಚ್ಚು ಸೋಂಕಿನ ಪ್ರದೇಶ" ಅನ್ನೋದು ಅಂತಾರಾಷ್ಟ್ರೀಯ ಅಳತೆಗೋಲು.

ಇದನ್ನು ಮೊದಲ ಸಲ ಓದಿದಾಗ ನನಗೆ ಬಂದ ಯೋಚನೆ ಎಲ್ಲರಿಗೂ ಬರುವಂಥದ್ದೇ: ಹೊರಗಿನವರು ಹೋಗಿ ರೋಗ ಹಚ್ಚಿದರು. ದಡಾರದ ಮಟ್ಟಿಗೆ ಅದು ನಿಜ. ಹೆಪಟೈಟಿಸ್ ಬಿ ವಿಷಯದಲ್ಲಿ ಅಷ್ಟು ಸುಲಭ ಇಲ್ಲ. ಸಂಪರ್ಕ ಶುರುವಾದ ನಾಲ್ಕೈದು ವರ್ಷದೊಳಗೆ ಅರ್ಧ ಜನಾಂಗದಲ್ಲಿ ದೀರ್ಘಕಾಲದ ಸೋಂಕು ಬೇರೂರುವುದು ಈ ವೈರಸ್ಸಿನ ಜಾಯಮಾನಕ್ಕೆ ಹೊಂದಲ್ಲ. ಯಾಕೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇಡೀ ವಿಷಯದ ಕೀಲಿ ಅಲ್ಲೇ ಇದೆ.

ದೊಡ್ಡವರಿಗೆ ಈ ವೈರಸ್ ತಗುಲಿದರೆ ನೂರಕ್ಕೆ ತೊಂಬತ್ತೈದು ಜನರ ದೇಹ ಆರು ತಿಂಗಳಲ್ಲಿ ಅದನ್ನು ಹೊರಹಾಕುತ್ತೆ. ಹುಟ್ಟಿದ ಕೂಸಿಗೆ ತಗುಲಿದರೆ ಲೆಕ್ಕ ಪೂರ್ತಿ ಉಲ್ಟಾ: ನೂರಕ್ಕೆ ತೊಂಬತ್ತು ಕೂಸುಗಳಲ್ಲಿ ಜೀವನಪೂರ್ತಿ ಉಳಿಯುತ್ತೆ. ಕೂಸಿನ ದೇಹ ಅದನ್ನು ಶತ್ರು ಅಂತ ಗುರುತಿಸುವುದೇ ಇಲ್ಲ. ಹಾಗಾಗಿ ಈ ರೋಗ ಬಹುಪಾಲು ತಾಯಿಯಿಂದ ಹೆರಿಗೆಯಲ್ಲಿ ಮಗುವಿಗೆ, ಅಥವಾ ಎಳೆ ವಯಸ್ಸಿನಲ್ಲಿ ಮಗುವಿನಿಂದ ಮಗುವಿಗೆ ದಾಟುತ್ತೆ. ಗಾಯ, ತರಚು, ಹಂಚಿಕೊಂಡ ಬ್ಲೇಡು. ದೇಹದ ಹೊರಗೆ ಒಣಗಿದ ರಕ್ತದಲ್ಲೂ ಈ ವೈರಸ್ ಏಳು ದಿನ ಜೀವಂತ ಇರಬಲ್ಲದು. ತಟ್ಟೆ, ಲೋಟ, ಅಪ್ಪುಗೆ, ಕೆಮ್ಮಿನಿಂದ ಹರಡುವುದಿಲ್ಲ. ಅಂದರೆ ಇದು ನೆರೆಹೊರೆಯ ರೋಗಕ್ಕಿಂತ ಹೆಚ್ಚಾಗಿ ಒಂದು ಮನೆಯ ರೋಗ. ತಲೆಮಾರಿನಿಂದ ತಲೆಮಾರಿಗೆ ಹೊಲ-ಮನೆ ಇಳಿದು ಬಂದ ಹಾಗೆ ಇಳಿದು ಬರುವಂಥದ್ದು.

ಇನ್ನೂರು ಮುನ್ನೂರು ಜನರ ಒಂದು ಬುಡಕಟ್ಟು ಅಂದರೇನು? ಒಂದು ದೊಡ್ಡ ಮನೆ. 2011ರ ಜನಗಣತಿಯಲ್ಲಿ ಶೋಂಪೆನ್ನರ ಸಂಖ್ಯೆ 229. ಅಂಥ ಮನೆಯೊಳಗೆ ಯಾವುದೋ ಕಾಲದಲ್ಲಿ ಕೆಲವು ತಾಯಂದಿರಿಗೆ ಸೋಂಕು ಬಂದರೆ, ಲಸಿಕೆ ಇಲ್ಲದೇ ಹೋದರೆ, ಐದಾರು ತಲೆಮಾರಿನಲ್ಲಿ ಏನಾಗುತ್ತೆ ಅನ್ನೋದಕ್ಕೆ ಕಂಪ್ಯೂಟರ್ ಬೇಕಿಲ್ಲ. ಮಲಪ್ರಭಾ ದಂಡೆಯ ಆ ಮನೆಯ 60% ಮತ್ತು ಜರವಾ ಕಾಡಿನ ಸಂಖ್ಯೆ ಎರಡೂ ಒಂದೇ ಕಾರಣದಿಂದ ಹುಟ್ಟಿದವು. ವ್ಯತ್ಯಾಸ ಇಷ್ಟೇ. ಜರವಾರ ಮನೆ ದೊಡ್ಡದು, ಅದಕ್ಕೊಂದು ಹೆಸರಿದೆ, ಸಂಶೋಧಕರು ಹುಡುಕಿಕೊಂಡು ಹೋದರು. ನಮ್ಮ ಕಡೆಯ ಮನೆ ಸಾವಿರಾರು ನೆಗೆಟಿವ್ ಮನೆಗಳ ನಡುವೆ ಇದೆ. ಸರಾಸರಿ ತೆಗೆದಾಗ ಅದು 0.95 ಆಗಿಬಿಡುತ್ತೆ.

2007ರಲ್ಲಿ ಭಾರತದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಮಾಡಿದ ಒಂದು ವಿಶ್ಲೇಷಣೆ ಬಂತು. ಬುಡಕಟ್ಟು ಅಲ್ಲದ ಜನರಲ್ಲಿ 2.4%, ಬುಡಕಟ್ಟುಗಳಲ್ಲಿ 15.9% ಅಂತ. ಈ ಎರಡನೇ ಅಂಕಿಯನ್ನು ಜನ ಆಗಾಗ "ಆದಿವಾಸಿಗಳಲ್ಲಿ ಹೆಪಟೈಟಿಸ್ ಜಾಸ್ತಿ" ಅಂತ ಎತ್ತಿ ಬಳಸುತ್ತಾರೆ. ನನಗೆ ಅದು ಸರಿ ಅನ್ನಿಸಲ್ಲ. ಆ ಸರಾಸರಿಯನ್ನು ಮೇಲೆತ್ತಿರುವುದು ದ್ವೀಪಗಳಂಥ ಕೆಲವೇ ಸಣ್ಣ ಸಮುದಾಯಗಳು. ಜರವಾರ ಸಂಖ್ಯೆ ನೋಡಿ ಸೋಲಿಗರ ಬಗ್ಗೆಯೋ ಜೇನುಕುರುಬರ ಬಗ್ಗೆಯೋ ತೀರ್ಪು ಕೊಡುವುದು, ನನ್ನ ಗೆಳೆಯನ ಮನೆ ನೋಡಿ ಇಡೀ ಬಾಗಲಕೋಟೆ ಜಿಲ್ಲೆಗೆ 60% ಅಂದ ಹಾಗೆ. ಒಂದೊಂದು ಹಾಡಿ, ಒಂದೊಂದು ಪೋಡು ಬೇರೆ ಬೇರೆ ಮನೆ. ಪ್ರತ್ಯೇಕವಾಗಿ ನೋಡಬೇಕು. ನೋಡಲು ಹೋಗುವವರು ಬೇಕು.

ಕಾಡಿನವರ ರಕ್ತ ಪರೀಕ್ಷೆ ಮಾಡಲು ಹೋದವರ ಕತೆ ಈ ವೈರಸ್ಸಿನ ಇತಿಹಾಸದ ಮೊದಲ ಪುಟದಲ್ಲೇ ಇದೆ. ಅಮೆರಿಕದ ಬಾರೂಖ್ ಬ್ಲಂಬರ್ಗ್ ಹೆಪಟೈಟಿಸ್ ಹುಡುಕಿಕೊಂಡು ಹೊರಟವರಲ್ಲ. ಬೇರೆ ಬೇರೆ ಜನಾಂಗಗಳ ರಕ್ತದಲ್ಲಿ ಪ್ರೋಟೀನುಗಳು ಹೇಗೆ ಬದಲಾಗುತ್ತವೆ ಅಂತ ನೋಡುತ್ತಿದ್ದರು, ಅದಕ್ಕೆ ಜಗತ್ತಿನ ಮೂಲೆಮೂಲೆಯ ರಕ್ತದ ಮಾದರಿ ಕೂಡಿಹಾಕಿದ್ದರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತ ನ್ಯೂಯಾರ್ಕಿನ ಹಿಮೋಫೀಲಿಯಾ ರೋಗಿಯೊಬ್ಬರ ರಕ್ತದ ಜೊತೆ ವಿಚಿತ್ರವಾಗಿ ಪ್ರತಿಕ್ರಿಯಿಸಿತು. ಅದಕ್ಕೆ "ಆಸ್ಟ್ರೇಲಿಯಾ ಆಂಟಿಜನ್" ಅಂತ ಹೆಸರಿಟ್ಟು 1965ರಲ್ಲಿ ಪ್ರಕಟಿಸಿದರು. ಅದು ಹೆಪಟೈಟಿಸ್ ಬಿ ವೈರಸ್ಸಿನ ಮೇಲ್ಮೈ ಅಂತ ಗೊತ್ತಾದದ್ದು ಆಮೇಲೆ. ನಿಮ್ಮ ಲ್ಯಾಬ್ ರಿಪೋರ್ಟಿನಲ್ಲಿ ಎಚ್‌ಬಿಎಸ್‌ಎಜಿ ಅಂತ ಬರುವುದು ಅದೇ. ಬ್ಲಂಬರ್ಗ್‌ಗೆ 1976ರಲ್ಲಿ ನೊಬೆಲ್ ಬಂತು, 1981ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಅನುಮತಿ ಸಿಕ್ಕಿತು. ಅವರ ಹುಟ್ಟುಹಬ್ಬ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ. ಆ ಮೂಲನಿವಾಸಿಯ ಹೆಸರಿನಲ್ಲಿ ಯಾವ ದಿನವೂ ಇಲ್ಲ ಅನ್ನೋದನ್ನು ಬಿಡಿ, ಅಂಥ ಜನರಿಗೆ ಲಸಿಕೆ ಯಾವಾಗ ತಲುಪಿತು ಅನ್ನೋದು ಮುಖ್ಯ ಪ್ರಶ್ನೆ.

ಇಲ್ಲಿ ಬ್ರೆಜಿಲ್ ಮತ್ತು ಭಾರತ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಬ್ರೆಜಿಲ್‌ನ ಪಶ್ಚಿಮ ಅಮೆಜಾನ್‌ನಲ್ಲಿ ಲಾಬ್ರಿಯಾ ಅನ್ನೋ ನದೀತೀರದ ಊರಿನ ಹೆಸರಿನಲ್ಲೇ ಒಂದು ಜ್ವರ ಇತ್ತು, ಮಕ್ಕಳನ್ನು ವಾರದೊಳಗೆ ಕೊಲ್ಲುತ್ತಿತ್ತು. ಹೆಪಟೈಟಿಸ್ ಬಿ ಇದ್ದವರಿಗೆ ಅದರ ಬೆನ್ನೇರಿ ಬರುವ ಡೆಲ್ಟಾ ವೈರಸ್ ತಗುಲಿದಾಗ ಹಾಗಾಗುತ್ತಿತ್ತು. ಬಿ ತಡೆದರೆ ಡೆಲ್ಟಾ ತಾನಾಗಿ ನಿಲ್ಲುತ್ತೆ. ಬ್ರೆಜಿಲ್ 1989ರಲ್ಲಿ ಲಸಿಕೆ ಶುರುಮಾಡಿದ್ದು ಆ ಕಾಡಿನ ಜಿಲ್ಲೆಗಳಿಂದ. ಇಡೀ ದೇಶದ ಕೂಸುಗಳಿಗೆ ಬಂದದ್ದು ಸುಮಾರು ಒಂಬತ್ತು ವರ್ಷದ ನಂತರ. ರೋಗ ಎಲ್ಲಿ ಜಾಸ್ತಿಯೋ ಅಲ್ಲಿಂದ ಶುರು.

ಭಾರತದಲ್ಲಿ 1997ರಲ್ಲೇ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶಿ ಲಸಿಕೆ ತಯಾರಿಸಿ ಆಮದು ಲಸಿಕೆಯ ಬೆಲೆಯನ್ನು ನೆಲಕ್ಕಿಳಿಸಿತ್ತು. ಸರ್ಕಾರ 2002-03ರಲ್ಲಿ ಪ್ರಾಯೋಗಿಕವಾಗಿ ಶುರುಮಾಡಿದ್ದು ಕೆಲವು ಮಹಾನಗರಗಳ ಕೊಳೆಗೇರಿ ಮತ್ತು 33 ಜಿಲ್ಲೆಗಳಲ್ಲಿ. 2007-08ರಲ್ಲಿ ಕರ್ನಾಟಕವೂ ಸೇರಿ ಹತ್ತು ರಾಜ್ಯಗಳಿಗೆ. ದೇಶಪೂರ್ತಿ ಆದದ್ದು 2011-12ರ ಹೊತ್ತಿಗೆ. ಜಿಲ್ಲೆಗಳನ್ನೂ ರಾಜ್ಯಗಳನ್ನೂ ಆರಿಸಿದ ಮಾನದಂಡ ಏನು ಗೊತ್ತಾ? ಈಗಾಗಲೇ ಮಕ್ಕಳ ಲಸಿಕೆ ಕಾರ್ಯಕ್ರಮ ಚೆನ್ನಾಗಿ ನಡೆಯುತ್ತಿರುವ ಕಡೆ. ಅಧಿಕಾರಿಗಳ ದೃಷ್ಟಿಯಲ್ಲಿ ಇದು ತರ್ಕಬದ್ಧ: ಕೋಲ್ಡ್ ಚೈನ್ ಇದೆ, ನರ್ಸ್ ಇದ್ದಾರೆ, ಲಸಿಕೆ ವ್ಯರ್ಥ ಆಗಲ್ಲ. ಇಂಜಿನಿಯರ್ ಆಗಿ ನಾನೂ ಆ ಫೈಲಿಗೆ ಸಹಿ ಹಾಕುತ್ತಿದ್ದೆನೇನೋ. ಆದರೆ ಫಲಿತಾಂಶ ನೋಡಿ: ಯಾರ ಬಳಿ ವ್ಯವಸ್ಥೆ ಇದೆಯೋ ಅವರಿಗೆ ಮೊದಲು, ಯಾರ ರಕ್ತದಲ್ಲಿ ವೈರಸ್ ಇದೆಯೋ ಅವರಿಗೆ ಆಮೇಲೆ. ಕಾರ್ ನಿಕೋಬಾರಿನಲ್ಲಿ ಸಂಶೋಧಕರೇ ಮುಂದಾಗಿ ಲಸಿಕೆ ಹಾಕಿ ಅದು ಅಲ್ಲಿನವರಲ್ಲೂ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ತೋರಿಸಿದ್ದರು ಅನ್ನೋದನ್ನು ಇಲ್ಲಿ ಹೇಳಲೇಬೇಕು. ಎಲ್ಲರೂ ರಕ್ತ ತೆಗೆದುಕೊಂಡು ಸುಮ್ಮನೆ ಹೋದವರಲ್ಲ.

ಈ ಹೊತ್ತಿನಲ್ಲಿ ಗ್ರೇಟ್ ನಿಕೋಬಾರ್ ಸುದ್ದಿಯಲ್ಲಿದೆ. ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಟೌನ್‌ಶಿಪ್, ಅದಕ್ಕಾಗಿ 130 ಚದರ ಕಿಲೋಮೀಟರ್ ಮಳೆಕಾಡು. 2024ರ ಫೆಬ್ರವರಿಯಲ್ಲಿ 39 ಮಂದಿ ನರಮೇಧ ಅಧ್ಯಯನ ತಜ್ಞರು ರಾಷ್ಟ್ರಪತಿಗೆ ಪತ್ರ ಬರೆದು, ಇದು ಶೋಂಪೆನ್ನರಿಗೆ ಮರಣಶಾಸನ ಅಂದರು. ಹೊರಗಿನ ರೋಗ ತಡೆಯುವ ಶಕ್ತಿ ಅವರಿಗಿಲ್ಲ ಅನ್ನೋ ವಾದ ಸರಿಯಾದದ್ದೇ. ಅದರ ಜೊತೆ ಇನ್ನೊಂದು ಮಾತು ಸೇರಿಸಬೇಕು: ಮೂರರಲ್ಲಿ ಒಬ್ಬರಿಗೆ ಆಗಲೇ ಲಿವರ್ ಸೋಂಕು ಇರುವ ಸಮುದಾಯ ಅದು. ಟೌನ್‌ಶಿಪ್ಪಿನ ಜೊತೆಗೆ ಮದ್ಯ ಬರುತ್ತೆ, ಅಂಗಡಿ ಊಟ ಬರುತ್ತೆ. ಸೋಂಕಿರುವ ಲಿವರ್ ಮೇಲೆ ಮದ್ಯ ಏನು ಮಾಡುತ್ತೆ ಅಂತ ವಿವರಿಸಬೇಕಾಗಿಲ್ಲ.

ನಮ್ಮ ರಾಜ್ಯಕ್ಕೆ ಬರೋಣ. ನಾಗರಹೊಳೆ ಸುತ್ತಲ ಜೇನುಕುರುಬರ ಹಾಡಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡು, ಯಲ್ಲಾಪುರ-ಹಳಿಯಾಳದ ಸಿದ್ದಿಯರ ಊರು, ಕರಾವಳಿ ಘಟ್ಟದ ಮಲೆಕುಡಿಯರು. ಈ ಜನರ ರಕ್ತವನ್ನು ಸರ್ಕಾರ ಈಗಾಗಲೇ ಪರೀಕ್ಷಿಸುತ್ತಿದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ನಿನ ಗುರಿ, 17 ರಾಜ್ಯಗಳ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ. ಕರ್ನಾಟಕವೂ ಅದರಲ್ಲಿದೆ. ಆರೋಗ್ಯ ಸಿಬ್ಬಂದಿ ಜೀಪು ಹತ್ತಿ ಹಾಡಿಗೆ ಹೋಗುತ್ತಾರೆ, ಬೆರಳಿಗೆ ಸೂಜಿ ಚುಚ್ಚುತ್ತಾರೆ, ಒಂದು ಹನಿ ರಕ್ತ ತೆಗೆಯುತ್ತಾರೆ. ಹೆಪಟೈಟಿಸ್ ಬಿ ರ‍್ಯಾಪಿಡ್ ಟೆಸ್ಟಿಗೂ ಬೇಕಿರುವುದು ಅದೇ ಬೆರಳು, ಇನ್ನೊಂದು ಹನಿ. ಗರ್ಭ ಪರೀಕ್ಷೆಯ ಕಾರ್ಡಿನ ಹಾಗೆ ಕಾಲು ಗಂಟೆಯಲ್ಲಿ ಗೆರೆ ಮೂಡುತ್ತೆ. ಜೀಪಿನ ಡೀಸೆಲ್, ದಾರಿ, ಜನರನ್ನು ಒಪ್ಪಿಸುವ ಕೆಲಸ, ಎಲ್ಲಾ ಖರ್ಚು ಆಗಿಯೇ ಹೋಗಿದೆ. ಮೇಲಾಗಿ ಸಿಕಲ್ ಸೆಲ್ ರೋಗಿಗಳಿಗೆ ಪದೇಪದೇ ರಕ್ತ ಏರಿಸಬೇಕಾಗುತ್ತೆ, ಅವರಿಗೆ ಹೆಪಟೈಟಿಸ್ ಬಿ ಲಸಿಕೆ ಮಿಕ್ಕವರಿಗಿಂತ ಹೆಚ್ಚು ಅಗತ್ಯ. ಎರಡು ಕಾರ್ಯಕ್ರಮದ ಫೈಲು ಎರಡು ಕಪಾಟಿನಲ್ಲಿ ಇರುವುದನ್ನು ಬಿಟ್ಟರೆ, ಎರಡನ್ನೂ ಒಟ್ಟಿಗೆ ಮಾಡದೇ ಇರಲು ನನಗೆ ಬೇರೆ ಕಾರಣ ಹೊಳೆಯುತ್ತಿಲ್ಲ.

ಇದಕ್ಕೆ ಗಂಭೀರ ಆಕ್ಷೇಪ ಒಂದಿದೆ. ಎಣಿಸಿದರೆ ಹಣೆಪಟ್ಟಿ ಬೀಳುತ್ತೆ. ಹಾಡಿಯವರಿಗೆ "ರೋಗದವರು" ಅಂತ ಇನ್ನೊಂದು ಹೆಸರು ಸಿಗುತ್ತೆ. ಕಾಫಿ ತೋಟದ ಮಾಲೀಕ ಕೆಲಸ ಕೊಡಲ್ಲ, ಹಾಸ್ಟೆಲ್ಲಿನಲ್ಲಿ ಮಕ್ಕಳ ತಟ್ಟೆ ಬೇರೆ ಇಡುತ್ತಾರೆ.

ಬಾಗಲಕೋಟೆ ಜಿಲ್ಲೆಯಲ್ಲಿ ಬೆಳೆದ ನನಗೆ ಇದು ಪುಸ್ತಕದ ಮಾತಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ಎಚ್‌ಐವಿ ಬಗ್ಗೆ ಇಂಡಿಯಾ-ಕೆನಡಾ ಸಹಯೋಗದ ಯೋಜನೆ ನಮ್ಮ ಜಿಲ್ಲೆಯನ್ನೇ ಆರಿಸಿಕೊಂಡು ಕೆಲಸ ಮಾಡಿತು. ಹಳ್ಳಿಗಳ ಸಾಮಾನ್ಯ ಜನರ ರಕ್ತ ಪರೀಕ್ಷಿಸಿದಾಗ ವಯಸ್ಕರಲ್ಲಿ ಸುಮಾರು 3% ಜನರಿಗೆ ಸೋಂಕು ಕಂಡಿತು. ದೇಶದ ಸರಾಸರಿಗಿಂತ ಹಲವು ಪಟ್ಟು. ಅವಮಾನ ಆಯಿತು, ಸುಳ್ಳಲ್ಲ. ಹೊರಜಿಲ್ಲೆಯವರು ಹೆಣ್ಣು ಕೊಡುವಾಗ "ಯಾವ ತಾಲೂಕು?" ಅಂತ ಕೇಳುತ್ತಿದ್ದ ಕಾಲ ಇತ್ತು. ಆದರೆ ಆ ಸಂಖ್ಯೆಯ ಬೆನ್ನಿಗೆ ಪರೀಕ್ಷಾ ಕೇಂದ್ರ ಬಂತು, ಆಪ್ತಸಮಾಲೋಚಕರು ಬಂದರು, ಉಚಿತ ಮಾತ್ರೆ ಬಂತು, ಸೋಂಕಿತರ ಸಂಘಟನೆಗಳು ಹುಟ್ಟಿದವು. ದಮನಿತ ಮಹಿಳೆಯರು ಮೈಕ್ ಹಿಡಿದು ಮಾತಾಡುವುದನ್ನು ನಾನು ಮೊದಲು ಕಂಡದ್ದು ಅಂಥ ಸಭೆಗಳಲ್ಲೇ. ಕೊನೆಗೆ 2017ರಲ್ಲಿ ಕಾನೂನೂ ಬಂತು: ಎಚ್‌ಐವಿ ಕಾರಣಕ್ಕೆ ಕೆಲಸ, ಶಾಲೆ, ಚಿಕಿತ್ಸೆ ನಿರಾಕರಿಸುವಂತಿಲ್ಲ. ಹೆಪಟೈಟಿಸ್ ಬಿ ಇದ್ದವರಿಗೆ ಅಂಥದ್ದೊಂದು ಕಾನೂನಿನ ಕೊಡೆ ಇವತ್ತಿಗೂ ಇಲ್ಲ. ಎಣಿಕೆಯ ಜೊತೆಗೇ ಗುಟ್ಟು ಕಾಪಾಡುವ ಹೊಣೆ, ಲಸಿಕೆ, ಮಾತ್ರೆ ಮತ್ತು ಈ ಕಾನೂನು ಬರಬೇಕು. ಬರೀ ಎಣಿಕೆ ಬಂದರೆ ಆಕ್ಷೇಪ ಎತ್ತಿದವರ ಮಾತೇ ನಿಜವಾಗುತ್ತೆ.

ನಮ್ಮ ಊರುಗಳಲ್ಲಿ ಇನ್ನೊಂದು ತೊಡಕು ಭಾಷೆಯದು. ಕಾಮಣಿ, ಕಾಮಾಲೆ ಅನ್ನೋ ಪದ ಕಣ್ಣು ಹಳದಿ ಆಗುವುದಕ್ಕೆ ಇಟ್ಟ ಹೆಸರು. ಹೆಪಟೈಟಿಸ್ ಎ ಮತ್ತು ಇ ಹೊಲಸು ನೀರಿನಿಂದ ಬಂದು ಕಣ್ಣು ಹಳದಿ ಮಾಡಿ, ಬಹುತೇಕರಲ್ಲಿ ಕೆಲವು ವಾರಕ್ಕೆ ತಾವಾಗಿ ಹೋಗುತ್ತವೆ. ಆ ಹೊತ್ತಿಗೆ ಯಾರು ಬೇರು ಅರೆದು ಕೊಟ್ಟಿರುತ್ತಾರೋ, ಕೈಗೆ ಬರೆ ಹಾಕಿರುತ್ತಾರೋ ಅವರಿಗೆ ಕೀರ್ತಿ. ಬಿ ಹಾಗಲ್ಲ. ಇಪ್ಪತ್ತು ಮೂವತ್ತು ವರ್ಷ ಕಣ್ಣು ಬೆಳ್ಳಗೇ ಇರುತ್ತೆ. ಹಳದಿ ಆಗುವ ಹೊತ್ತಿಗೆ ಕಾಲ ಮೀರಿರುತ್ತೆ. ಐಹೊಳೆ ಕಡೆಯ ಒಬ್ಬ ಆಶಾ ಕಾರ್ಯಕರ್ತೆಯನ್ನು ಕೇಳಿದೆ, "ಅಕ್ಕಾರ, ಊರಾಗ ಹೆಪಟೈಟಿಸ್ ಬಿ ಇದ್ದೋರು ಯಾರರ ಅದಾರೇನ್ರಿ?" ಆಕೆ ಸ್ವಲ್ಪ ಯೋಚಿಸಿ, "ಕಾಮಣಿ ಆದೋರು ಅದಾರ್ರೀ. ಈಗ ಎಲ್ಲಾರೂ ಆರಾಮ ಆಗ್ಯಾರ" ಅಂದರು. ತಪ್ಪು ಅವರದಲ್ಲ. ಇಲ್ಲದ ಪದಕ್ಕೆ ಇದ್ದ ಪದದಲ್ಲಿ ಉತ್ತರ ಕೊಟ್ಟರು.

ಬೇರಿನ ಮಾತು ಬಂತಲ್ಲ, ಒಂದು ಅಡ್ಡಮಾತು. ನನ್ನ ಗೆಳೆಯ ಆರು ತಿಂಗಳು ನೆಲನೆಲ್ಲಿ ಕುಡಿದಿದ್ದ. ಅದನ್ನು ಹಳ್ಳಿಯ ಮೂಢನಂಬಿಕೆ ಅಂತ ನಗುವ ಮುಂಚೆ ಇದು ಗೊತ್ತಿರಲಿ: 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತಿತರರು ಬರೆದ ಪ್ರಬಂಧದಲ್ಲಿ, ನೆಲನೆಲ್ಲಿ ಪುಡಿ ತೆಗೆದುಕೊಂಡ 37 ಸೋಂಕಿತರಲ್ಲಿ 22 ಜನರ ರಕ್ತದಲ್ಲಿ ಆಂಟಿಜನ್ ಕಾಣದಾಯಿತು ಅಂತಿತ್ತು. ಆ ಪ್ರಬಂಧದ ಲೇಖಕರಲ್ಲಿ ಬ್ಲಂಬರ್ಗ್ ಕೂಡ ಒಬ್ಬರು. ಜಗತ್ತೇ ತಿರುಗಿ ನೋಡಿತು. ಆದರೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಅಂಥ ಫಲ ಸಿಗಲಿಲ್ಲ. ಇವತ್ತು ವೈರಸ್ಸನ್ನು ಹತೋಟಿಯಲ್ಲಿ ಇಡುವುದು ಟೆನೋಫೋವಿರ್‌ನಂಥ ದಿನಕ್ಕೊಂದು ಮಾತ್ರೆ. ಎಲ್ಲಾ ಪಾಸಿಟಿವ್ ಆದವರಿಗೂ ಅದು ಬೇಕಾಗಲ್ಲ. ಆದರೆ ಯಾರಿಗೆ ಬೇಕು ಅಂತ ಗೊತ್ತಾಗಲು ಎಲ್ಲರೂ ನಿಯಮಿತವಾಗಿ ತಪಾಸಣೆ ಮಾಡಿಸುತ್ತಿರಬೇಕು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಗೆಳೆಯನ ಅಣ್ಣ ತೀರಿಕೊಳ್ಳುವ ಮುಂಚೆಯೇ ಆ ಯೋಜನೆ ಇತ್ತು, ಗಮನಿಸಿ.

ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ ಕ್ರಿ.ಶ. 634ರಲ್ಲಿ ಕೆತ್ತಿಸಿದ ಶಾಸನದಲ್ಲಿ, ಪುಲಕೇಶಿಯ ಆಳ್ವಿಕೆಗೆ ಬಂದ ಮಹಾರಾಷ್ಟ್ರಕಗಳಲ್ಲಿ 99,000 ಗ್ರಾಮಗಳಿದ್ದವು ಅಂತಿದೆ. ರಾಜನ ಹಿರಿಮೆ ಹೇಳುವ ಲೆಕ್ಕ ಅದು. ಗ್ರಾಮದೊಳಗೆ ಯಾರು ಹೇಗಿದ್ದರು ಅಂತ ಹೇಳುವ ಲೆಕ್ಕ ಅಲ್ಲ. ಈಗಿನ ಸರ್ಕಾರದ ಲೆಕ್ಕ ಎಷ್ಟೋ ವಾಸಿ. ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಬಾಗಲಕೋಟೆ ಫ್ಯಾಕ್ಟ್‌ಶೀಟ್ ತೆರೆದರೆ ರಕ್ತಹೀನತೆ ಇದೆ, ಬಿಪಿ ಇದೆ, ಸಕ್ಕರೆ ಕಾಯಿಲೆ ಇದೆ, ಎಷ್ಟು ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿದೆ ಅನ್ನೋ ಸಾಲೂ ಇದೆ. ಎಷ್ಟು ಜನರಿಗೆ ಹೆಪಟೈಟಿಸ್ ಬಿ ಇದೆ ಅನ್ನೋ ಸಾಲು ಇಲ್ಲ. ಕೊಟ್ಟದ್ದರ ಲೆಕ್ಕ ಇದೆ, ಇರುವುದರ ಲೆಕ್ಕ ಇಲ್ಲ.

ಕೊಟ್ಟದ್ದರಲ್ಲೂ ಒಂದು ಡೋಸ್ ಬಗ್ಗೆ ಹಟ ಹಿಡಿಯಬೇಕು. ಹುಟ್ಟಿದ 24 ಗಂಟೆಯೊಳಗೆ ಹಾಕುವ ಮೊದಲ ಡೋಸ್. ಆರು ವಾರಕ್ಕೆ ಹಾಕುವ ಪೆಂಟಾದಲ್ಲೂ ಹೆಪಟೈಟಿಸ್ ಬಿ ಲಸಿಕೆ ಇದೆ ನಿಜ, ಆದರೆ ಪಾಸಿಟಿವ್ ತಾಯಿಯ ಕೂಸಿಗೆ ಅಷ್ಟು ಹೊತ್ತು ಕಾಯುವುದು ಅಂದರೆ ಮಳೆ ನಿಂತ ಮೇಲೆ ಛತ್ರಿ ತಂದ ಹಾಗೆ. ಕರ್ನಾಟಕದಲ್ಲಿ 97% ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತೆ, ಹಾಗಾಗಿ ಇದು ಸಾಧ್ಯ. ಆದರೂ ತಪ್ಪುತ್ತೆ. ಭಾನುವಾರ ಆಗಿರುತ್ತೆ, ರಾತ್ರಿ ಪಾಳಿ ಆಗಿರುತ್ತೆ. ಹತ್ತು ಡೋಸಿನ ಸೀಸೆಯನ್ನು ಒಂದು ಕೂಸಿಗಾಗಿ ಒಡೆದರೆ ಉಳಿದ ಒಂಬತ್ತು ವ್ಯರ್ಥ ಅಂತ ಸಿಬ್ಬಂದಿ ಹಿಂದೆಮುಂದೆ ನೋಡುತ್ತಾರೆ. ನಿಯಮದ ಪ್ರಕಾರ, ಸರಿಯಾಗಿ ತಣ್ಣಗಿಟ್ಟರೆ ಒಡೆದ ಸೀಸೆಯನ್ನು ನಾಲ್ಕು ವಾರ ಬಳಸಬಹುದು. ಕಾಡಂಚಿನ ಸಣ್ಣ ಆಸ್ಪತ್ರೆಯಲ್ಲಿ ವಾರಕ್ಕೊಂದು ಹೆರಿಗೆ ಆಗುವ ಕಡೆ ಈ ಅಳುಕು ಇನ್ನೂ ಹೆಚ್ಚಿರುತ್ತೆ. ಒಂದು ಡೋಸಿನ ಸೀಸೆ ಕೊಟ್ಟರೆ ಖರ್ಚು ಸ್ವಲ್ಪ ಜಾಸ್ತಿ, ಅಷ್ಟೇ.

ಮತ್ತು ನೀವು. ಲಸಿಕೆ ಕರ್ನಾಟಕದ ಸರ್ಕಾರಿ ಪಟ್ಟಿಗೆ ಬಂದದ್ದು 2007-08ರಲ್ಲಿ ಅಂದೆನಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ವಯಸ್ಸಾಗಿದ್ದರೆ, ಹೆಚ್ಚುಕಮ್ಮಿ ನೀವು ಅದಕ್ಕಿಂತ ಮೊದಲು ಹುಟ್ಟಿದವರು. ಮನೆಯವರು ಖಾಸಗಿಯಾಗಿ ಹಾಕಿಸದೇ ಇದ್ದರೆ, ಇಲ್ಲವೇ ನೀವು ನರ್ಸಿಂಗ್, ಮೆಡಿಕಲ್ ಓದದೇ ಇದ್ದರೆ, ನಿಮಗೆ ಲಸಿಕೆ ಆಗಿರುವ ಸಾಧ್ಯತೆ ಕಡಿಮೆ. ಒಂದು ಸಲ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿಕೊಳ್ಳಿ. ನೆಗೆಟಿವ್ ಆದರೆ ಮೂರು ಡೋಸು: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಪಾಸಿಟಿವ್ ಬಂದರೆ ನನ್ನ ಗೆಳೆಯ ಮಾಡಿದ್ದನ್ನು ಮಾಡಬೇಡಿ, ಮನೆಯಲ್ಲಿ ಹೇಳಿ. ಅವನು ಹೇಳಿದ್ದರೆ ಅವನ ಅಣ್ಣನ ರಕ್ತ ಎಂಟೊಂಬತ್ತು ವರ್ಷ ಮೊದಲೇ ಪರೀಕ್ಷೆ ಆಗಿರುತ್ತಿತ್ತು. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಗುಟ್ಟು ಕಾಪಾಡಿದೆ ಅಂತ ಹೆಮ್ಮೆಪಟ್ಟುಕೊಂಡಿದ್ದೆ ಕೂಡ.

ಈಗ ಅವನು ಆರು ತಿಂಗಳಿಗೊಮ್ಮೆ ತಾಯಿಯನ್ನು ಕರೆದುಕೊಂಡು ಬಾಗಲಕೋಟೆಗೆ ಹೋಗುತ್ತಾನೆ. ಇಬ್ಬರಿಗೂ ರಕ್ತ, ಇಬ್ಬರಿಗೂ ಸ್ಕ್ಯಾನಿಂಗ್. ಬರುವಾಗ ಅಮೀನಗಡದಲ್ಲಿ ಬಸ್ ನಿಂತಾಗ ಕರದಂಟು ಕಟ್ಟಿಸಿಕೊಳ್ಳುತ್ತಾರೆ. ಸಂಜೆ ನನಗೊಂದು ಮೆಸೇಜ್ ಬರುತ್ತೆ: "ಅವ್ವಂದು ನಾರ್ಮಲ್. ನಂದೂ." ಅಣ್ಣನ ಇಬ್ಬರು ಮಕ್ಕಳಿಗೆ ಲಸಿಕೆ ಆಗಿದೆ. ತಂಗಿಗೂ ಆಗಿದೆ, ಅವಳ ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರಿಗೆ ಮನೆಯ ವಿಷಯ ಹೇಳಬೇಕೋ ಬೇಡವೋ ಅಂತ ಇನ್ನೂ ತೀರ್ಮಾನ ಆಗಿಲ್ಲ.